ಚಾಪೆ ಏರಿಸಿ ಹೊರಟವರು

ಮೀನಿನ ಒಂದು ಮಗ್ಗುಲು ತಿಂದು ಮುಗಿಸಿದ್ದೆ. ಇನ್ನೊಂದು ಮಗ್ಗುಲಿಗೆ ಅಂತ ಚಾಪ್‌ಸ್ಟಿಕ್ ಹಾಕಿ ಮಗುಚಲು ಹೊರಟೆ. ಎದುರು ಕೂತಿದ್ದ ಅಜ್ಜಿ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಬೈಯಲಿಲ್ಲ, ನಗಲೂ ಇಲ್ಲ. ಸುಮ್ನೆ ಹಿಡಿದುಕೊಂಡರು. ಆಮೇಲೆ ತಾವೇ ಬಾಲದ ಕಡೆಯಿಂದ ನಡುಮುಳ್ಳನ್ನು ಎತ್ತಿ, ತಲೆಯ ಸಮೇತ ಬಿಡಿಸಿ ಪಕ್ಕಕ್ಕಿಟ್ಟು, ಕೆಳಗಿನ ಮಗ್ಗುಲು ಇದ್ದ ಹಾಗೆಯೇ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

ಇದು ನಡೆದದ್ದು ಚೀನಾದ ಫೂಜಿಯಾನ್ ಪ್ರಾಂತ್ಯದ ಚ್ವಾನ್‌ಚೌ ಅನ್ನುವ ಬಂದರು ಊರಿನಲ್ಲಿ. ಆ ಅಜ್ಜಿ ನನಗೆ ಆನ್‌ಲೈನಿನಲ್ಲಿ ಚೀನೀ ಭಾಷೆ ಕಲಿಸುವ ಟೀಚರ್ ಅವರ ತಾಯಿ. ಅವರದು ಮೀನುಗಾರರ ಮನೆ. ದೋಣಿಯವರ ಮನೆಯಲ್ಲಿ ತಟ್ಟೆಯ ಮೇಲಿನ ಮೀನನ್ನು ಮಗುಚುವುದಿಲ್ಲ, ಮೀನು ಮಗುಚಿದರೆ ಕಡಲಲ್ಲಿ ದೋಣಿ ಮಗುಚೀತು ಅಂತ ಭಯ, ಅಂತ ಟೀಚರ್ ವಿವರಿಸಿದರು. ಮ್ಯಾಂಡರಿನ್ ಚೀನೀಯಲ್ಲಿ ಮಗುಚುವುದಕ್ಕೆ 'ಫಾನ್' ಅನ್ನುತ್ತಾರೆ.

ನಾನು ಗಂಗೊಳ್ಳಿ ಕಡೆಯವನು. ನಮ್ಮಲ್ಲೂ ಕಾವಲಿಯ ಮೇಲೆ ದೋಸೆ ಮಗುಚುತ್ತಾರೆ, ಅಳಿವೆ ಬಾಯಲ್ಲಿ ದೋಣಿ ಮಗುಚುತ್ತದೆ. ಎರಡಕ್ಕೂ ಒಂದೇ ಮಾತು. ಹಾಗಾಗಿ ಅಜ್ಜಿಯ ಭಯ ನನಗೆ ಆ ಕ್ಷಣವೇ ಅರ್ಥವಾಯಿತು. ಆದರೆ ಟೀಚರ್ ಆಮೇಲೆ ಹೇಳಿದ ಇನ್ನೊಂದು ಮಾತು ನನ್ನನ್ನು ಅವತ್ತಿನಿಂದ ಇವತ್ತಿನವರೆಗೂ ಬಿಟ್ಟಿಲ್ಲ. ಹಾಯಿ ಅನ್ನುವುದಕ್ಕೂ ಮ್ಯಾಂಡರಿನ್‌ನಲ್ಲಿ 'ಫಾನ್' ಅಂತಲೇ ಅನ್ನುವುದು. ಬರೆಯುವ ಅಕ್ಷರ ಬೇರೆ, ಬಾಯಿಂದ ಬರುವ ಸದ್ದು ಒಂದೇ.

ಯೋಚನೆ ಮಾಡಿ, ನಡುನೀರಿನಲ್ಲಿ ಗಾಳಿ ಏಳುತ್ತಿದೆ, ಹಾಯಿ ಏರಿಸಿ ಅಂತ ಕೂಗಬೇಕು. ಕೂಗಿದರೆ 'ಮಗುಚು' ಅಂದ ಹಾಗೆ ಕೇಳಿಸುತ್ತದೆ. ಯಾವ ಅಂಬಿಗ ತಾನೆ ಹಾಗೆ ಕೂಗಾನು? ಅದಕ್ಕೇ ದೋಣಿಯವರು ಹಾಯಿಗೆ 'ಪೆಂಗ್' ಅನ್ನುವ ಬೇರೆ ಹೆಸರು ಹಿಡಿದರು. ಪೆಂಗ್ ಅಂದರೆ ಬಿಸಿಲು ಮಳೆಗೆ ದೋಣಿಯ ಮೇಲೆ ಕಟ್ಟುವ ಚಾಪೆಯ ಮಾಡು. ಈ ಥರ ಮಾತು ತಪ್ಪಿಸುವ ರೂಢಿ ಬಹಳ ಹಳೆಯದು. 15ನೇ ಶತಮಾನದ ಲು ರೊಂಗ್ ಅನ್ನುವ ಮಿಂಗ್ ಕಾಲದ ಅಧಿಕಾರಿ, ಸೂಚೌ ಸೀಮೆಯ ದೋಣಿಯವರು 'ನಿಲ್ಲು' ಮತ್ತು 'ಮಗುಚು' ಅನ್ನುವ ಎರಡು ಸದ್ದುಗಳನ್ನು ಬಾಯಿಗೆ ತರುವುದಿಲ್ಲ ಅಂತ ಬರೆದಿಟ್ಟಿದ್ದಾನೆ. ಆಗ ಊಟದ ಕಡ್ಡಿಗಳಿಗೆ 'ಜು' ಅಂತ ಹೆಸರಿತ್ತು. 'ಜು' ಅಂದರೆ ನಿಲ್ಲು ಅಂತಲೂ ಕೇಳಿಸುತ್ತದೆ. ದೋಣಿ ನಿಂತರೆ ಹೊಟ್ಟೆಗೇನು? ಹಾಗಾಗಿ ಅದಕ್ಕೆ 'ಖ್ವಾಯ್' ಅಂದರು, ಬೇಗ ಅಂತ ಅರ್ಥ. ಇವತ್ತು ಚೀನಾದ ಬಹುಪಾಲು ಜನ ಊಟದ ಕಡ್ಡಿಗೆ 'ಖ್ವಾಯ್‌ತ್ಸ' ಅನ್ನುತ್ತಾರಲ್ಲ, ಅದು ಈ ದೋಣಿಯವರ ಭಯದಿಂದ ಹುಟ್ಟಿದ ಹೆಸರು. ಕಡಲನ್ನೇ ನೋಡದವನೂ ದಿನಕ್ಕೆ ಮೂರು ಹೊತ್ತು ಆ ಭಯವನ್ನು ಕೈಯಲ್ಲಿ ಹಿಡಿದು ಉಣ್ಣುತ್ತಾನೆ. ನನಗೆ ಇದು ಬಹಳ ಇಷ್ಟವಾದ ಸಂಗತಿ.

ಹಾಯಿಗೆ ಬರೆಯುವ ಅಕ್ಷರದಲ್ಲಿ ಎರಡು ತುಂಡುಗಳಿವೆ. ಎಡಗಡೆ ಬಟ್ಟೆ ಅನ್ನುವ ಗುರುತು. ನೇತು ಹಾಕಿದ ಟವಲಿನ ಹಾಗೆ ಕಾಣುತ್ತದೆ, ನಡುವೆ ಒಂದು ಗೀಟು ಕೆಳಗಿಳಿದಿರುತ್ತದೆ. ಬಲಗಡೆ ಇನ್ನೊಂದು ಅಕ್ಷರ. ಬಿಡಿಯಾಗಿ ಬರೆದರೆ ಅದಕ್ಕೆ 'ಎಲ್ಲ', 'ಸಾಮಾನ್ಯ' ಅಂತ ಅರ್ಥ, ಅದರ ಉಚ್ಚಾರವೂ ಫಾನ್. ಹಾಗಾದರೆ ಹಾಯಿ ಅಂದರೆ ಸಾಮಾನ್ಯ ಬಟ್ಟೆ ಅಂತಲೋ? ಅಲ್ಲ. ಚೀನೀ ಅಕ್ಷರಗಳಲ್ಲಿ ಒಂದು ತುಂಡು ಅರ್ಥದ ಸುಳಿವು ಕೊಟ್ಟರೆ ಇನ್ನೊಂದು ಎಷ್ಟೋ ಸಲ ಬರೀ ಸದ್ದಿನ ಸುಳಿವು ಕೊಡುತ್ತದೆ. ಬಟ್ಟೆಯ ಸಂಬಂಧದ, ಫಾನ್ ಅಂತ ಉಚ್ಚರಿಸುವ ವಸ್ತು. ಅಷ್ಟೇ.

ಆದರೆ ಆ ಬಲಗಡೆಯ ತುಂಡಿನ ಮೇಲೆ ಪಂಡಿತರಲ್ಲಿ ಒಂದು ಜಗಳ ಇದೆ. ಸುಮಾರು 3,200 ವರ್ಷಗಳ ಹಿಂದೆ, ಶಾಂಗ್ ಅರಸರ ಕಾಲದಲ್ಲಿ, ಶಕುನ ಕೇಳಲು ಆಮೆಚಿಪ್ಪು ಮತ್ತು ಎತ್ತಿನ ಮೂಳೆಗಳ ಮೇಲೆ ಅಕ್ಷರ ಕೊರೆಯುತ್ತಿದ್ದರು. ನಮಗೆ ಸಿಕ್ಕಿರುವ ಚೀನೀ ಬರಹಗಳಲ್ಲಿ ಬಹಳ ಹಳೆಯವು ಅವೇ. ಅವುಗಳಲ್ಲಿ ಈ ತುಂಡು ಕಾಣಿಸುತ್ತದೆ, ಎರಡು ನಿಂತ ಗೆರೆ, ನಡುವೆ ಅಡ್ಡ ಗೆರೆಗಳು. ಎರಡು ಗಳಗಳ ನಡುವೆ ಕಟ್ಟಿದ ಹಾಯಿಯ ಚಿತ್ರವೇ ಇದು, ಹಾಗಾಗಿ ಶಾಂಗ್ ಕಾಲದಲ್ಲೇ ಚೀನಾದಲ್ಲಿ ಹಾಯಿ ಇತ್ತು ಅಂತ ಕೆಲವರು ಹೇಳುತ್ತಾರೆ. ಇಲ್ಲ, ಇದು ಮಗ್ಗುಲಾಗಿ ನಿಲ್ಲಿಸಿ ಬರೆದ ತಟ್ಟೆಯ ಚಿತ್ರ, ತಟ್ಟೆ ಅನ್ನುವ ಅಕ್ಷರದ ಹಳೆಯ ರೂಪ ಅಂತ ಇನ್ನು ಕೆಲವರು. ನನ್ನ ಮನಸ್ಸು ಹಾಯಿಯ ಕಡೆಗೇ ವಾಲುತ್ತದೆ, ಆದರೆ ಓದಿದಷ್ಟೂ ತಟ್ಟೆಯವರ ಮಾತೇ ಗಟ್ಟಿ ಅನಿಸುತ್ತದೆ. ಒಂದೇ ಒಂದು ಅಕ್ಷರದ ಆಕಾರ ನೋಡಿಕೊಂಡು ಒಂದು ದೇಶದ ಹಡಗುಗಳಿಗೆ ಹಾಯಿ ಏರಿಸುವುದು ಸರಿಯಲ್ಲ ಅಲ್ವಾ.

ಇದೇ ತುಂಡು ಗಾಳಿ ಅನ್ನುವ ಅಕ್ಷರದಲ್ಲೂ ಇದೆ. ಗಾಳಿಯನ್ನು ಬರೆಯುವುದು ಹೇಗೆ? ಅದು ಕಣ್ಣಿಗೆ ಕಾಣುವುದಿಲ್ಲ. ಶಾಂಗ್ ಕಾಲದವರು ಗಾಳಿಗೆ ಒಂದು ಹಕ್ಕಿಯ ಚಿತ್ರ ಬರೆಯುತ್ತಿದ್ದರು. ತಲೆಯ ಮೇಲೆ ಜುಟ್ಟು, ಉದ್ದ ಬಾಲ, ನವಿಲಿನಂಥ ದೇವಹಕ್ಕಿ. ಆಮೇಲೆ ಓದುವುದಕ್ಕೆ ಅನುಕೂಲವಾಗಲಿ ಅಂತ ಅದರ ಪಕ್ಕ ಈ ಫಾನ್ ತುಂಡನ್ನು ಸದ್ದಿನ ಸುಳಿವಾಗಿ ಸೇರಿಸಿದರು. ಶತಮಾನಗಳು ಕಳೆದ ಮೇಲೆ ಹಕ್ಕಿ ಹೋಗಿ ಆ ಜಾಗಕ್ಕೆ ಹುಳು ಬಂತು. ಗಾಳಿ ಬೀಸಿದರೆ ಹುಳು ಹುಟ್ಟುತ್ತದೆ ಅಂತ ಹಳೆಯ ನಿಘಂಟುಕಾರ ಕಾರಣ ಕೊಟ್ಟಿದ್ದಾನೆ. ಹಾಗೆ ಗಾಳಿ ಮತ್ತು ಹಾಯಿ ಎರಡರ ಹೊಟ್ಟೆಯಲ್ಲೂ ಒಂದೇ ತುಂಡು ಉಳಿದುಕೊಂಡಿತು. ಇದು ಬರೀ ಸದ್ದಿನ ನಂಟು ಅಂತ ನನಗೆ ಗೊತ್ತು. ಆದರೂ ನೋಟ್‌ಬುಕ್ಕಿನಲ್ಲಿ ಎರಡನ್ನೂ ಅಕ್ಕಪಕ್ಕ ಬರೆದಾಗ, ಒಂದು ಚೌಕಟ್ಟಿನೊಳಗೆ ಹುಳು, ಇನ್ನೊಂದು ಚೌಕಟ್ಟಿನ ಪಕ್ಕದಲ್ಲಿ ಬಟ್ಟೆ, ಕೈ ಒಂದು ಗಳಿಗೆ ನಿಲ್ಲುತ್ತದೆ.

ಆ ಹಳೆಯ ನಿಘಂಟುಕಾರನ ಹೆಸರು ಶೂ ಷೆನ್. ಕ್ರಿ.ಶ. 100ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಅಕ್ಷರಗಳ ಮೂಲ ಹುಡುಕಿ ಬರೆದು ಮುಗಿಸಿದವನು. ಅಂಥವನ ಪಟ್ಟಿಯಲ್ಲಿ ಬಟ್ಟೆ ಗುರುತಿನ ಹಾಯಿ ಇಲ್ಲ! ಅದರ ಬದಲು ಇರುವುದು ಕುದುರೆ ಮತ್ತು ಗಾಳಿ ಸೇರಿಸಿ ಬರೆದ ಅಕ್ಷರ. ಅರ್ಥ, ಕುದುರೆಯ ವೇಗದ ಓಟ. ಸುಮಾರು ಒಂಬತ್ತು ನೂರು ವರ್ಷ ಕಳೆದ ಮೇಲೆ ಈ ನಿಘಂಟನ್ನು ತಿದ್ದಿ ಹೊರತಂದ ಶೂ ಶ್ವಾನ್ ಅನ್ನುವ ಪಂಡಿತ ಅಲ್ಲಿ ಒಂದು ಟಿಪ್ಪಣಿ ಹಾಕಿದ. ಹಡಗಿನ ಹಾಯಿಗೆ ಮೊದಲು ಬಳಸುತ್ತಿದ್ದದ್ದು ಈ ಕುದುರೆ ಅಕ್ಷರವನ್ನೇ, ಈಗಿನವರು ಬಟ್ಟೆ ಹಾಕಿ ಬೇರೆ ಬರೆಯುತ್ತಾರೆ, ಅದು ತಪ್ಪು, ಅಂತ. ಪಂಡಿತನಿಗೆ ಅದು ತಪ್ಪು. ನನಗೆ ಅಲ್ಲೊಂದು ಇಡೀ ದೇಶದ ನಕ್ಷೆ ಕಾಣಿಸುತ್ತದೆ. ಚೀನಾದಲ್ಲಿ 'ತೆಂಕಣಕ್ಕೆ ದೋಣಿ, ಬಡಗಣಕ್ಕೆ ಕುದುರೆ' ಅಂತ ಹಳೆಯ ಮಾತಿದೆ. ನಿಘಂಟು ಬರೆದ ಶೂ ಷೆನ್ ಉತ್ತರದವನು. ನೀರಿನ ಮೇಲೆ ಗಾಳಿ ಹಿಡಿದು ಓಡುವ ವಸ್ತುವೊಂದನ್ನು ಬರೆಯಬೇಕಾದಾಗ ಉತ್ತರದವರ ಕೈಗೆ ಸಿಕ್ಕಿದ್ದು ಕುದುರೆ.

ಬಟ್ಟೆಯ ಹಾಯಿ ನಿಘಂಟಿನಲ್ಲಿ ಇಲ್ಲದಿದ್ದರೂ ಆ ಕಾಲದ ಪದ್ಯದಲ್ಲಿ ಸಿಗುತ್ತದೆ. ಕ್ರಿ.ಶ. 115ರಲ್ಲಿ ಮಾ ರೊಂಗ್ ಅನ್ನುವ ಆಸ್ಥಾನ ಕವಿ ಅರಸನ ಜಲವಿಹಾರವನ್ನು ಬಣ್ಣಿಸುತ್ತಾ 'ಮುಗಿಲ ಹಾಯಿ ಬಿಚ್ಚಿದರು' ಅನ್ನುತ್ತಾನೆ. ಸುಮಾರು 200ರ ಹೊತ್ತಿಗೆ ಲ್ಯೂ ಶಿ ಅನ್ನುವ ಇನ್ನೊಬ್ಬ ಪದಗಳ ಪಂಡಿತ ಹಡಗಿನ ಪದಗಳಿಗೇ ಒಂದು ಅಧ್ಯಾಯ ಕೊಟ್ಟು, ಗಾಳಿಗೆ ಹರಡಿ ಕಟ್ಟುವ ಪರದೆಯೇ ಹಾಯಿ, ಅದು ದೋಣಿಯನ್ನು ತೇಲಿಸಿಕೊಂಡು ಬೇಗ ಒಯ್ಯುತ್ತದೆ ಅಂತ ವಿವರಿಸಿದ್ದಾನೆ. ತೇಲು ಅನ್ನುವುದಕ್ಕೂ ಅವರಲ್ಲಿ ಹತ್ತಿರ ಹತ್ತಿರ ಅದೇ ಸದ್ದು. ಅಂದರೆ ಒಂದೇ ಸದ್ದಿನಲ್ಲಿ ಅವನು ತೇಲುವುದನ್ನು ಕೇಳಿಸಿಕೊಂಡ, ದೋಣಿಯವರು ಮುಳುಗುವುದನ್ನು ಕೇಳಿಸಿಕೊಂಡರು. ಒಬ್ಬ ದಡದಲ್ಲಿ ಕೂತವನು, ಇನ್ನೊಬ್ಬರು ನೀರಿನ ಮೇಲಿದ್ದವರು.

ಇಷ್ಟು ದೊಡ್ಡ ನದಿಗಳಿರುವ ದೇಶದಲ್ಲಿ ಹಾಯಿಯ ಗಟ್ಟಿ ಗುರುತು ಸಿಗುವುದು ಇಷ್ಟು ತಡವಾಗಿ ಯಾಕೆ? ದೋಣಿಗಳಂತೂ ಬಹಳ ಹಳೆಯವು. ಹಾಂಗ್‌ಚೌ ಹತ್ತಿರದ ಕ್ವಾಹೂಚ್ಯಾವ್ ಅನ್ನುವಲ್ಲಿ 2002ರಲ್ಲಿ ಸಿಕ್ಕ, ಪೈನ್ ಮರದ ದಿಮ್ಮಿ ಕೊರೆದು ಮಾಡಿದ ದೋಣಿಗೆ ಸುಮಾರು 8,000 ವರ್ಷ. ಆದರೆ ನದಿಯಲ್ಲಿ ಹೋಗುವವನಿಗೆ ಹಾಯಿ ಇಲ್ಲದೆಯೂ ನಡೆಯುತ್ತದೆ. ಗಳು ಊರಬಹುದು, ಹುಟ್ಟು ಹಾಕಬಹುದು, ಹೊಳೆಯ ಎದುರಿಗೆ ಹೋಗುವಾಗ ದಡದಲ್ಲಿ ನಡೆಯುತ್ತಾ ಹಗ್ಗ ಕಟ್ಟಿ ಎಳೆಯಬಹುದು. ಯಾಂಗ್‌ಚೀ ನದಿಯ ಕಮರಿಗಳಲ್ಲಿ 20ನೇ ಶತಮಾನದಲ್ಲೂ ಕೂಲಿಗಳು ಹೆಗಲಿಗೆ ಬಿದಿರಿನ ಹಗ್ಗ ಹಾಕಿಕೊಂಡು ಹಡಗು ಎಳೆಯುತ್ತಿದ್ದರು. ಮನುಷ್ಯರ ಹೆಗಲು ಅಗ್ಗವಾಗಿ ಸಿಗುವಲ್ಲಿ ಗಾಳಿಯನ್ನು ಯಾರೂ ಅವಸರದಲ್ಲಿ ಹುಡುಕುವುದಿಲ್ಲ, ಅಂತ ನನ್ನ ಊಹೆ. ಜೊತೆಗೆ ಹಾಯಿ ಅಂದರೆ ಬಟ್ಟೆ, ನಾರು, ಎಲೆ. ನೆಲದೊಳಗೆ ಅದು ಉಳಿಯುವುದಿಲ್ಲ. ಹಲಗೆ ಉಳಿದೀತು, ಲಂಗರಿನ ಕಲ್ಲು ಉಳಿದೀತು, ಹಾಯಿ ಮಾತ್ರ ಮೊದಲು ಕೊಳೆಯುತ್ತದೆ. ಹಾಗಾಗಿ ಹಾಯಿಯ ಚರಿತ್ರೆ ಹುಡುಕುವವರು ಚಿತ್ರಗಳ ಹಿಂದೆ, ಪದಗಳ ಹಿಂದೆ ಹೋಗಬೇಕಾಗುತ್ತದೆ.

ಚಿತ್ರಗಳಲ್ಲಿ ಬಹಳ ಹಳೆಯದು ಕುವೈತಿನದು. ಅಲ್ಲಿನ ಅಸ್ ಸಬಿಯಾ ಅನ್ನುವ ಕಡೆ ಸುಮಾರು 7,000 ವರ್ಷ ಹಳೆಯ ಒಂದು ಮಣ್ಣಿನ ಬಿಲ್ಲೆ ಸಿಕ್ಕಿದೆ. ಅದರ ಮೇಲೆ ಬಣ್ಣದಲ್ಲಿ ಬರೆದ ದೋಣಿ, ದೋಣಿಯ ಮೇಲೆ ಎರಡು ಕಾಲಿನ ಕಂಬ. ಅಲ್ಲೇ ಡಾಂಬರಿನಂಥ ಅಂಟಿನ ತುಂಡುಗಳೂ ಸಿಕ್ಕಿವೆ. ಒಂದು ಬದಿಯಲ್ಲಿ ಜೊಂಡಿನ ಅಚ್ಚು, ಇನ್ನೊಂದು ಬದಿಯಲ್ಲಿ ಕಡಲಚಿಪ್ಪುಗಳು ಕಚ್ಚಿಕೊಂಡಿವೆ. ಅಂದರೆ ಅದು ಜೊಂಡಿನ ದೋಣಿಗೆ ಬಳಿದ ಅಂಟು, ಆ ದೋಣಿ ನಿಜವಾಗಿಯೂ ಕಡಲಿಗೆ ಇಳಿದಿತ್ತು. ನಮ್ಮಲ್ಲಿ ದೋಣಿಯ ತಳಕ್ಕೆ ಅಂಟಿದ ಚಿಪ್ಪನ್ನು ಹೆರೆಯುವುದನ್ನು ನೋಡಿ ಬೆಳೆದ ನನಗೆ ಆ ಚಿಪ್ಪುಗಳೇ ಚಿತ್ರಕ್ಕಿಂತ ಜಾಸ್ತಿ ನಂಬಿಕೆ ಹುಟ್ಟಿಸಿದವು.

ಈಜಿಪ್ಟಿನ ಕತೆ ಇನ್ನೂ ಚೆಂದ. ನೈಲ್ ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ. ಗಾಳಿ ಹೆಚ್ಚಾಗಿ ಬೀಸುವುದು ಉತ್ತರದಿಂದ ದಕ್ಷಿಣಕ್ಕೆ. ಹೋಗುವಾಗ ಹೊಳೆ ಒಯ್ಯುತ್ತದೆ, ಬರುವಾಗ ಗಾಳಿ ತರುತ್ತದೆ. ಐದು ಸಾವಿರ ವರ್ಷಕ್ಕೂ ಹಿಂದಿನ ಒಂದು ಈಜಿಪ್ಟಿನ ಜಾಡಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಅದರ ಮೇಲೆ ಚೌಕ ಹಾಯಿಯ ದೋಣಿಯೊಂದಿದೆ. ಅವರ ಚಿತ್ರಲಿಪಿಯಲ್ಲಿ ದಕ್ಷಿಣಕ್ಕೆ ಹೋಗು ಅಂತ ಬರೆಯಲು ಹಾಯಿ ಬಿಚ್ಚಿದ ದೋಣಿ, ಉತ್ತರಕ್ಕೆ ಹೋಗು ಅನ್ನಲು ಹಾಯಿ ಇಲ್ಲದ ದೋಣಿ. ಇನ್ನು ಗಾಳಿ ಮತ್ತು ಉಸಿರನ್ನು ಬರೆಯಲು ಏನು ಬಳಸಿದರು ಗೊತ್ತಾ? ಉಬ್ಬಿದ ಹಾಯಿಯ ಚಿತ್ರ. ಕಾಣದ ಗಾಳಿಯನ್ನು ತೋರಿಸಲು ಚೀನಾದವರಿಗೆ ಹಕ್ಕಿ ಸಿಕ್ಕಿತು, ಈಜಿಪ್ಟಿನವರಿಗೆ ಹಾಯಿ ಸಿಕ್ಕಿತು.

ನದಿಯ ಹಾಯಿ ಒಂದು, ನಡುಗಡಲಿನ ಹಾಯಿ ಇನ್ನೊಂದು. ಚ್ವಾನ್‌ಚೌ ಊರಿನ ಎದುರಿಗೆ ಜಲಸಂಧಿ ದಾಟಿದರೆ ತೈವಾನ್. ಅಲ್ಲಿನ ಮೂಲನಿವಾಸಿಗಳ ಭಾಷೆಗಳು ಚೀನೀ ಅಲ್ಲ, ಆಸ್ಟ್ರೋನೇಷಿಯನ್ ಅನ್ನುವ ಬೇರೆಯೇ ಕುಟುಂಬದವು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಅಲ್ಲಿಂದ ಫಿಲಿಪ್ಪೀನ್ಸ್ ಕಡೆಗೆ ಹೊರಟ ಜನ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾ ಕೊನೆಗೆ ಆಫ್ರಿಕಾ ಮಗ್ಗುಲಿನ ಮಡಗಾಸ್ಕರ್‌ನಿಂದ ಪೆಸಿಫಿಕ್ ನಡುವಿನ ಹವಾಯಿವರೆಗೆ ಹರಡಿದರು. ದೋಣಿಯ ಪಕ್ಕಕ್ಕೆ ಒಂದು ತೇಲುಮರ ಕಟ್ಟಿ, ಅದು ಮಗುಚದ ಹಾಗೆ ಮಾಡಿಕೊಂಡ ಜನ ಅವರು. ಹಾಯಿಗೆ ಮಲಯ್ ಭಾಷೆಯಲ್ಲಿ 'ಲಾಯರ್', ಫಿಲಿಪ್ಪೀನ್ಸಿನ ಟಗಾಲೊಗ್‌ನಲ್ಲಿ 'ಲಾಯಗ್', ಮಡಗಾಸ್ಕರ್‌ನಲ್ಲಿ 'ಲಾಯ್', ಹವಾಯಿಯಲ್ಲಿ 'ಲಾ', ನ್ಯೂಜಿಲೆಂಡಿನ ಮಾವೊರಿಯಲ್ಲಿ 'ರಾ'. ಅರ್ಧ ಭೂಮಿಯ ಉದ್ದಕ್ಕೂ ಒಂದೇ ಮಾತು! ಹೊರಡುವಾಗಲೇ ಹಾಯಿ ಇತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಪೆಸಿಫಿಕ್ ದ್ವೀಪಗಳಲ್ಲಿ ಆ ಹಾಯಿಗಳನ್ನು ಮಾಡುತ್ತಿದ್ದದ್ದು ನಮ್ಮ ಕೇದಗೆ, ಮುಂಡುಗದ ಜಾತಿಯ ಗಿಡದ ಎಲೆಗಳನ್ನು ಹೆಣೆದು. ಅಂದರೆ ಚಾಪೆ.

ಇಂಥ ದಕ್ಷಿಣ ಕಡಲಿನ ಹಡಗುಗಳನ್ನು ಚೀನಾದವರು ಬೆರಗಿನಿಂದ ನೋಡಿ ಬರೆದಿದ್ದಾರೆ. 3ನೇ ಶತಮಾನದಲ್ಲಿ ವಾನ್ ಚೆನ್ ಅನ್ನುವವನು ಕೊಟ್ಟ ವಿವರ ಎಷ್ಟು ಸೂಕ್ಷ್ಮವಾಗಿದೆ ಅಂದರೆ ಅವನು ಬಂದರಿನಲ್ಲಿ ಗಂಟೆಗಟ್ಟಲೆ ನಿಂತು ನೋಡಿರಬೇಕು ಅನಿಸುತ್ತದೆ. ಹೊರನಾಡಿನವರ ಹಡಗಿಗೆ ನಾಲ್ಕು ಹಾಯಿಗಳೂ ಇರುತ್ತವೆ, ಒಂದರ ಹಿಂದೆ ಒಂದು. ಒಂದು ಜಾತಿಯ ಮರದ ಉದ್ದ ಎಲೆಗಳನ್ನು ನೇಯ್ದು ಅವನ್ನು ಮಾಡುತ್ತಾರೆ. ಹಾಯಿಗಳು ನೇರ ಮುಂದಕ್ಕೆ ಮುಖ ಮಾಡಿರುವುದಿಲ್ಲ, ಓರೆಯಾಗಿರುತ್ತವೆ, ಒಂದರಿಂದ ಒಂದಕ್ಕೆ ಗಾಳಿ ದಾಟಿಸುತ್ತವೆ. ಅದಕ್ಕೇ ಅವರು ಬಿರುಗಾಳಿಗೂ ದೊಡ್ಡ ಅಲೆಗೂ ಹೆದರದೆ ವೇಗವಾಗಿ ಹೋಗುತ್ತಾರೆ. ಆ 'ಓರೆ' ಅನ್ನುವ ಮಾತಿನಲ್ಲಿ ಒಂದು ದೊಡ್ಡ ಗುಟ್ಟಿದೆ. ಗಾಳಿಗೆ ಅಡ್ಡಲಾಗಿ ಕಟ್ಟಿದ ಹಾಯಿ ಹಿಂದಿನಿಂದ ಬರುವ ಗಾಳಿಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಓರೆಯಾಗಿ ತಿರುಗಿಸಲು ಬರುವ ಹಾಯಿ ಪಕ್ಕದ ಗಾಳಿಯನ್ನೂ ಹಿಡಿಯುತ್ತದೆ. ಆಗ ಗಾಳಿ ಎತ್ತ ಬೀಸಿದರೆ ಅತ್ತ ಹೋಗಬೇಕಾದ ಕಷ್ಟ ತಪ್ಪುತ್ತದೆ.

ಚೀನಾದವರು ತಮ್ಮದೇ ಆದ ಹಾಯಿಯನ್ನು ಬೆಳೆಸಿದ್ದು ಹೀಗೆ ಓರೆಗೆ ತಿರುಗುವ ಹಾಗೆಯೇ. ಬಿದಿರಿನ ಸೀಳುಗಳ ಚಾಪೆ, ಅದಕ್ಕೆ ಅಡ್ಡಡ್ಡ ಬಿದಿರಿನ ಪಕ್ಕೆಲುಬುಗಳು. ಪ್ರತಿ ಪಕ್ಕೆಲುಬಿಗೂ ಒಂದೊಂದು ಹಗ್ಗ. ಗಾಳಿ ಜಾಸ್ತಿಯಾದರೆ ಮೇಲಿನ ಹಗ್ಗ ಸಡಿಲ ಬಿಟ್ಟರೆ ಸಾಕು, ಕಿಟಕಿಯ ಬಿದಿರಿನ ಪರದೆ ಇಳಿದ ಹಾಗೆ ಹಾಯಿ ಮಡಚಿಕೊಂಡು ಇಳಿಯುತ್ತದೆ. ಯಾರೂ ಕಂಬ ಹತ್ತಬೇಕಾಗಿಲ್ಲ. ಒಂದು ಕಡೆ ಹರಿದರೆ ಹರಕು ಮುಂದಿನ ಪಕ್ಕೆಲುಬಿನ ಹತ್ತಿರ ನಿಲ್ಲುತ್ತದೆ, ಇಡೀ ಹಾಯಿ ಸೀಳಿಹೋಗುವುದಿಲ್ಲ. ತೂತು ಬಿದ್ದ ಹಾಯಿಯಲ್ಲೂ ಮನೆ ಸೇರಬಹುದು. ಬಡ ನಾವಿಕನನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ಯೋಚಿಸಿ ಮಾಡಿದ ಹಾಗಿದೆ ಇದು. ಜಗತ್ತಿನ ಹಾಯಿಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಇದೇ.

ಚಾಪೆ ಅನ್ನುವ ಮಾತು ಮೇಲಿಂದ ಮೇಲೆ ಬರುತ್ತಿದೆ ನೋಡಿ. ನನಗೆ ಅದರ ಗುಂಗು ಹಿಡಿಸಿದ್ದು ಟೀಚರ್ ಓದಲು ಕೊಟ್ಟ ಒಂದು ಪದ್ಯ. ಬರೆದವನು 8ನೇ ಶತಮಾನದ ಮಂಗ್ ಹಾವ್‌ರಾನ್. ಮೊದಲ ಎರಡೇ ಪದ, 'ಗ್ವಾ ಶಿ'. ಗ್ವಾ ಅಂದರೆ ನೇತುಹಾಕು. ಶಿ ಅಂದರೆ ಚಾಪೆ. ನಾನು 'ಚಾಪೆ ನೇತುಹಾಕಿ ಸಾವಿರಾರು ಮೈಲಿ ಬಂದೆ' ಅಂತ ಓದಿ, ಇದೇನಿದು ಅಂತ ಕೇಳಿದೆ. ಟೀಚರ್ ಅಂದರು, "ಚಾಪೆ ಅಂದರೆ ಹಾಯಿ. ಆಗ ಹಾಯಿ ಏರಿಸುವುದಕ್ಕೆ ಹಾಗೇ ಅನ್ನುತ್ತಿದ್ದರು."

ಆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲೋ ಇದನ್ನು ಮೊದಲೇ ಕೇಳಿದ್ದೇನೆ ಅನಿಸುತ್ತಿತ್ತು. ಬೆಳಗಿನ ಜಾವ ನೆನಪಾಯಿತು. ಬೆಂಗಳೂರಿನಲ್ಲಿ ನಾನು ಮೊದಲು ಬಾಡಿಗೆಗಿದ್ದ ರೂಮಿನಲ್ಲಿ ಜೊತೆಗಿದ್ದವನು ಮಲಯಾಳಿ. ನೆಲದ ಮೇಲೆ ಹಾಸಿಕೊಳ್ಳುವ ಚಾಪೆಗೆ ಅವನು 'ಪಾಯ' ಅನ್ನುತ್ತಿದ್ದ. ತಮಿಳರು 'ಪಾಯ್' ಅನ್ನುತ್ತಾರೆ. ಅದೇ ತಮಿಳಿನಲ್ಲಿ ಪಾಯ್ ಅಂದರೆ ಹಾಯಿ ಕೂಡ. ಪಾಯ್‌ಮರ ಅಂದರೆ ಹಾಯಿ ಕಟ್ಟುವ ಕಂಬ. ನಮ್ಮ ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಪಾಯಿ ಹಾಯಿಯಾಯಿತು.

ಅಂದರೆ ನಮ್ಮ ಹಾಯಿಯೂ ಚಾಪೆಯೇ! ತಮಿಳು, ಮಲಯಾಳದಲ್ಲಿ ಚಾಪೆ ಮತ್ತು ಹಾಯಿ ಇನ್ನೂ ಒಂದೇ ಮಾತಿನಲ್ಲಿ ಕೂಡಿಕೊಂಡಿವೆ. ಕನ್ನಡದಲ್ಲಿ ಆ ಮಾತು ಹಾಯಿಗೆ ಮಾತ್ರ ಉಳಿದು, ನೆಲದ ಮೇಲಿನದಕ್ಕೆ ಚಾಪೆ ಅನ್ನುವ ಬೇರೆ ಹೆಸರು ನಿಂತಿತು. ಕನ್ನಡದಲ್ಲೇ ಹುಟ್ಟಿ ಬೆಳೆದ ನಾನು, ಅದೂ ಹಾಯಿ ಹಡಗಿನವರ ಮನೆಯಲ್ಲಿ, ಈ ಸಂಗತಿಯನ್ನು ಒಬ್ಬ ಚೀನೀ ಕವಿಯ ಸಾಲಿನ ಮೂಲಕ ತಿಳಿಯಬೇಕಾಯಿತು.

ಸದ್ದಿನ ದಾರಿಯೂ ಇದೇ ಥರ ಇದೆ. ಚ್ವಾನ್‌ಚೌ ಅಜ್ಜಿಯ ಮನೆಮಾತು ಮಿನ್ನಾನ್. ಅದರಲ್ಲಿ ಹಾಯಿಗೆ 'ಫಾಂಗ್' ಅನ್ನುತ್ತಾರೆ. ಇಲ್ಲಿನ ಫ ನಮ್ಮ 'ಫಲ'ದಲ್ಲಿ ಬರುವ, ತುಟಿ ಎರಡೂ ಮುಚ್ಚಿ ಹೇಳುವ ಫ. ಮ್ಯಾಂಡರಿನ್‌ನ ಫಾನ್‌ನಲ್ಲಿ ಬರುವುದು 'ಫೋನ್' ಅನ್ನುವಾಗಿನ ಹಲ್ಲು ತಾಗುವ ಫ. ಹಳೆಯ ಚೀನೀಯಲ್ಲಿ ಹಲ್ಲಿನ ಫ ಇರಲಿಲ್ಲ. ಪ, ಬ ಸದ್ದುಗಳಿಂದ ಅದು ಆಮೇಲೆ ಹುಟ್ಟಿತು. ಮಿನ್ನಾನ್ ಹಳೆಯ ತುಟಿಯ ಸದ್ದನ್ನು ಬಿಡಲಿಲ್ಲ. ವಿಯೆಟ್ನಾಮಿನವರು ಹಾಯಿಗೆ 'ಬುವೊಮ್' ಅನ್ನುತ್ತಾರೆ. ಬಹಳ ಹಿಂದೆ ಚೀನೀಯಿಂದ ಹೋದ ಅದೇ ಮಾತು ಅದು ಅಂತ ಭಾಷಾಪಂಡಿತರು ಹೇಳುತ್ತಾರೆ. ಮೊದಲಿನ ಬಕಾರವೂ ಕೊನೆಯ ಮಕಾರವೂ ಅಲ್ಲಿ ಹಾಗೇ ಕೂತಿವೆ. ನಮ್ಮ ಪಾಯಿಗೂ ಅವರ ಫಾಂಗ್‌ಗೂ ರಕ್ತಸಂಬಂಧ ಇಲ್ಲ, ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಎರಡೂ ಕಡೆ ತು­ಟಿಯ ಸದ್ದು ಉಸಿರಾಗಿ ಸಡಿಲವಾಯಿತು, ಎರಡೂ ಕಡೆ ದಕ್ಷಿಣದ ಒಂದು ಸೋದರ ಭಾಷೆ ಹಳೆಯದನ್ನು ಕಾಪಾಡಿಕೊಂಡಿತು, ಎರಡೂ ಕಡೆ ಹಾಯಿಯ ಹಿಂದೆ ಒಂದು ಚಾಪೆ ಇತ್ತು. ಇನ್ನೊಂದು ಸಂಗತಿ, ಮಿನ್ನಾನ್‌ನಲ್ಲಿ ಮಗುಚುವುದಕ್ಕೆ ಬೇರೆ ಸದ್ದು. ಆ ಮನೆಯಲ್ಲಿ ಹಾಯಿಯನ್ನು ಹೆಸರು ಹಿಡಿದು ಕರೆಯಲು ಹೆದರಬೇಕಾಗಿಲ್ಲ. ಮೀನನ್ನು ಮಾತ್ರ ಮಗುಚುವ ಹಾಗಿಲ್ಲ.

ಈ ಎರಡು ಚಾಪೆಗಳು ಕಡಲಲ್ಲಿ ಎದುರುಬದುರಾದದ್ದೂ ನಿಜ. 1340ರ ದಶಕದಲ್ಲಿ ಮೊರೊಕ್ಕೊದ ಇಬ್ನ್ ಬತೂತ ನಮ್ಮ ಕರಾವಳಿಯಲ್ಲಿ ಹಾದುಹೋದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳಿವೆ ಅಂತ ಬರೆದವನು ಅವನೇ. ಮುಂದೆ ಕಲ್ಲಿಕೋಟೆಗೆ ಹೋದಾಗ ಅಲ್ಲಿ 13 ಚೀನೀ ಹಡಗುಗಳು ಲಂಗರು ಹಾಕಿದ್ದವು. ದೊಡ್ಡ ಹಡಗುಗಳಿಗೆ ಮೂರರಿಂದ ಹನ್ನೆರಡು ಹಾಯಿಗಳು, ಅವು ಬಿದಿರಿನ ಕಡ್ಡಿಗಳನ್ನು ಚಾಪೆಯ ಹಾಗೆ ಹೆಣೆದು ಮಾಡಿದವು, ಅವನ್ನು ಇಳಿಸುವುದೇ ಇಲ್ಲ, ಗಾಳಿ ತಿರುಗಿದ ಹಾಗೆ ತಿರುಗಿಸುತ್ತಾರೆ, ಅಂತ ಅವನು ಬರೆಯುತ್ತಾನೆ. ದಡದಲ್ಲಿ ನಿಂತ ಮಲಯಾಳಿ ಆ ಹಾಯಿಗಳನ್ನು ನೋಡಿ 'ಪಾಯ' ಅಂದಿದ್ದರೆ ಮಾತಿನ ಎರಡೂ ಅರ್ಥ ಕಣ್ಣೆದುರೇ ಇದ್ದವು. ದೆಹಲಿ ಸುಲ್ತಾನ ಬತೂತನ ಜೊತೆ ಚೀನಾದ ಅರಸನಿಗೆ ಕಳಿಸಿದ್ದ ಉಡುಗೊರೆಗಳನ್ನು ತುಂಬಿದ್ದ ಹಡಗು ಆ ದಡದಲ್ಲೇ ಬಿರುಗಾಳಿಗೆ ಸಿಕ್ಕಿ ಒಡೆದುಹೋಯಿತು. ಚಾಪೆ ಎಷ್ಟೇ ಗಟ್ಟಿಯಾಗಿರಲಿ, ಕಡಲು ಕಡಲೇ.

ಚ್ವಾನ್‌ಚೌನಲ್ಲಿ ಕೊನೆಯ ದಿನ ಟೀಚರ್ ನನ್ನನ್ನು ಕಾಯ್‌ಯ್ವಾನ್ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಅದು ಬೌದ್ಧರ ದೇವಸ್ಥಾನ, ಆದರೆ ಹಿಂದಿನ ಎರಡು ಕಂಬಗಳಲ್ಲಿ ನಮ್ಮ ದೇವರುಗಳ ಕೆತ್ತನೆ ಇದೆ. 13ನೇ ಶತಮಾನದಲ್ಲಿ ಆ ಊರಿನಲ್ಲಿ ತಮಿಳು ವ್ಯಾಪಾರಿಗಳ ಶಿವಾಲಯ ಇತ್ತು, 1281ರ ಒಂದು ತಮಿಳು ಶಾಸನವೂ ಸಿಕ್ಕಿದೆ. ಅದೇ ಆವರಣದ ಒಂದು ಹಜಾರದಲ್ಲಿ 1974ರಲ್ಲಿ ಹೌಚು ಬಂದರಿನ ಕೆಸರಿನಿಂದ ಅಗೆದು ತೆಗೆದ ಹಡಗನ್ನು ಇಟ್ಟಿದ್ದಾರೆ. ಸಾಂಗ್ ಕಾಲದ ಕೊನೆಯದು, ಏಳು ನೂರು ವರ್ಷಕ್ಕೂ ಹಳೆಯದು. ಉಳಿದಿರುವ ಭಾಗವೇ 24 ಮೀಟರ್ ಉದ್ದ, 9 ಮೀಟರ್ ಅಗಲ. ಒಳಗೆ ಅಡ್ಡ ಗೋಡೆ ಹಾಕಿ ಮಾಡಿದ 13 ಕೋಣೆಗಳು. ಒಂದರಲ್ಲಿ ನೀರು ನುಗ್ಗಿದರೂ ಉಳಿದವು ತೇಲಿಸುತ್ತವೆ. ಸಿಕ್ಕ ಸರಕಿನಲ್ಲಿ ಗಂಧದ ಮರ, ಕಾಳುಮೆಣಸು, ಕವಡೆ. ನಾನು ಬಹಳ ಹೊತ್ತು ನೋಡುತ್ತಾ ನಿಂತದ್ದು ಕಂಬ ನಿಲ್ಲಿಸುವ ಗೂಡುಗಳನ್ನು. ದಪ್ಪ ಮರದಲ್ಲಿ ಕೊರೆದ ಚೌಕದ ಗುಳಿಗಳು. ಅವುಗಳ ಮೇಲೆ ಕಂಬ ಇಲ್ಲ. ಹಾಯಿ ಇಲ್ಲ.

ನಮ್ಮ ಅಜ್ಜ ವಯಸ್ಸಿನಲ್ಲಿ ಮಂಜಿಯಲ್ಲಿ ದುಡಿದವರು. ಮಂಗಳೂರು ಹೆಂಚು ತುಂಬಿಕೊಂಡು ಮುಂಬೈಗೆ ಹೋಗುವ ಹಾಯಿ ಹಡಗು ಅದು. ನಾನು ಹುಟ್ಟುವಾಗ ಎಂಜಿನ್ ಬೋಟು ಬಂದು ಮಂಜಿಯ ಕೆಲಸ ಮುಗಿದಿತ್ತು. ಅಜ್ಜ ಮನೆಗೆ ತಂದದ್ದು ಹಳೆಯ ಹಾಯಿಯ ಒಂದು ದೊಡ್ಡ ತುಂಡು, ದಪ್ಪ ಬಟ್ಟೆಯದು, ಅಂಚಿಗೆಲ್ಲ ಹಗ್ಗ ಹೊಲಿದದ್ದು. ಬೇಸಿಗೆಯಲ್ಲಿ ಅದನ್ನು ಅಂಗಳದಲ್ಲಿ ಹಾಸಿ ಮೆಣಸು, ಹುಣಸೆಹಣ್ಣು ಒಣಗಿಸುತ್ತಿದ್ದೆವು. ರಾತ್ರಿ ಸೆಕೆಯಾದರೆ ಅದರ ಮೇಲೇ ಮಕ್ಕಳೆಲ್ಲ ಮಲಗುತ್ತಿದ್ದೆವು. ಯಾರೂ ಅದಕ್ಕೆ ಚಾಪೆ ಅನ್ನುತ್ತಿರಲಿಲ್ಲ, ಜಮಖಾನ ಅನ್ನುತ್ತಿರಲಿಲ್ಲ. "ಹಾಯಿ ಹಾಸಿ ಮಕ್ಕಳೇ" ಅಂತ ಅಜ್ಜಿ ಹೇಳುತ್ತಿದ್ದರು. ಮೇ ಕೊನೆಯಲ್ಲಿ ಮೋಡ ಕಟ್ಟಿದರೆ ಒಳಗಿನಿಂದಲೇ ಕೂಗುತ್ತಿದ್ದರು, "ಹಾಯಿ ಎತ್ತಿ, ಮಳೆ ಬಂತು!" ನಾವು ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತುವಷ್ಟರಲ್ಲಿ ಪಡುವಣ ಗಾಳಿ ಕೆಳಗೆ ನುಗ್ಗುತ್ತಿತ್ತು. ಮೆಣಸೆಲ್ಲ ನಡುವಿಗೆ ಉರುಳುತ್ತಿತ್ತು, ಬಟ್ಟೆ ಹೊಟ್ಟೆ ಉಬ್ಬಿಸಿಕೊಂಡು ಮೇಲೇಳುತ್ತಿತ್ತು, ಮೂಲೆ ಹಿಡಿದ ನಮ್ಮನ್ನು ಒಂದೆರಡು ಹೆಜ್ಜೆ ಎಳೆದುಕೊಂಡೇ ಹೋಗುತ್ತಿತ್ತು.